ಮಂಜು ತಳ್ಳುವ ಗಾಡಿ

ಅಕ್ಟೋಬರ್ 22, ಮಂಗಳವಾರ

ಬೆಳಗ್ಗೆಯಿಂದ ಬ್ರೇಕ್ ಕೆಲಸ. ಊಟಕ್ಕೆ ಕೂತಾಗ ಮ್ಯಾನೇಜರ್ ಬಂದು ಹೇಳಿದ — ನವೆಂಬರ್ ಕೊನೆಗೆ ಗ್ಯಾರೇಜ್ ಖಲಾಸ್. ಕುವೈತಿನ ವೀಸಾ ಕೊಡುವ ಬೇರೆ ಕಫೀಲ್ ಸಿಕ್ಕವರಿಗೆ ರಿಲೀಸ್, ಸಿಗದವರು ಊರಿಗೆ. ಎಲ್ಲರೂ ಒಟ್ಟಿಗೆ ಕೂಗಾಡಿದರು. ನಾನು ಟಿಫಿನ್ ಮುಚ್ಚಿ ಕೈ ತೊಳೆದುಕೊಂಡೆ. ಏನೂ ಅನಿಸಲಿಲ್ಲ. ಫೆಬ್ರವರಿಯಲ್ಲಿ ಹೆಂಡತಿ ಪುಷ್ಪಾ ತೀರಿಕೊಂಡ ಮೇಲೆ ಹೀಗೆಯೇ. ಒಳಗೆ ಕರೆಂಟ್ ಹೋದ ಹಾಗೆ.

ಮನೆಗೆ ಬಂದು ಅಶ್ಮಿತಾಗೆ ಹೇಳಿದೆ. ಹನ್ನೆರಡನೇ ಕ್ಲಾಸ್, ಬೋರ್ಡ್ ಪರೀಕ್ಷೆ ಮುಗಿಯುವಾಗ ಏಪ್ರಿಲ್. ಫೋನಿನಿಂದ ತಲೆ ಎತ್ತದೆ, "ಇಟ್ಸ್ ಓಕೆ ಪಪ್ಪಾ. ವಾಟೆವರ್ ಯು ಡಿಸೈಡ್" ಅಂದಳು.

ನನ್ನ ಮಗಳೇ ಹೌದು.

ಅಕ್ಟೋಬರ್ 25, ಶುಕ್ರವಾರ

ಬೀರಾನ್ ಬಂದಿದ್ದ. ಉಳ್ಳಾಲದವನು, ಇಲ್ಲಿ ಬೂ ನಾಸರ್ ಎಂಬ ಕುವೈತಿ ಹಿರಿಯರ ಡ್ರೈವರ್. ಅವರ ಮಗ ಅಮೆರಿಕದ ಹರಾಜಿನಿಂದ ಹಳೇ ಗಾಡಿಗಳನ್ನು ತರಿಸುತ್ತಾನೆ. ಈ ಸಲ ಒಂದು ಪಿಕಪ್ಪಿನ ಮೂತಿಗೆ ಮಂಜು ತಳ್ಳುವ ದೊಡ್ಡ ಕಬ್ಬಿಣದ ಹಲಗೆಯೂ ಅಂಟಿಕೊಂಡೇ ಬಂದಿದೆಯಂತೆ. ಕುವೈತಿನ ಮರಳುಗಾಡಿಗೆ! ಬೋಳು ತಲೆಗೆ ಬಾಚಣಿಗೆ.

"ನಗ್ಬೇಡಿ ಲೋಕಣ್ಣ," ಅಂದ ಬೀರಾನ್. "ಗಾಳಿ ಬಂದ್ರೆ ವಫ್ರಾದ ತೋಟದ ದಾರಿ ಪೂರಾ ಮರಳು. ಮಂಜು ತಳ್ಳಿದ್ದು ಮರಳು ತಳ್ಳುದಿಲ್ವಾ? ಗಾಡಿ ತಕೊಳ್ಳಿ, ಅವರ ಕಂಪನಿ ಹೆಸರಲ್ಲಿ ಓಡಿಸಿ. ಇಕಾಮಾ ವೀಸಾ ಕೂಡ ಅಲ್ಲಿಗೇ ಆಗ್ತದೆ."

ಅಂದರೆ ಗಾಡಿ ತೆಗೆದುಕೊಂಡರೆ ಇಲ್ಲಿ ಉಳಿಯುವುದು. ಇಲ್ಲವಾದರೆ ಪರೀಕ್ಷೆಗೆ ಮೊದಲೇ ಊರು. ಆಗಲಿ ನೋಡುವ ಅಂದೆ. ಬೇಡ ಅನ್ನುವುದಕ್ಕೂ ಸ್ವಲ್ಪ ಶಕ್ತಿ ಬೇಕಲ್ಲ.

ಅಕ್ಟೋಬರ್ 29

ಶುವೈಖಿನ ಯಾರ್ಡಿಗೆ ಹೋಗಿ ನೋಡಿದೆ. ಮೇಲೆ ಹೊಸ ಕೆಂಪು ಪೇಂಟ್. ಇಂಜಿನ್ ಚೆನ್ನಾಗಿದೆ. ಹಲಗೆ ಸಲೀಸಾಗಿ ಎದ್ದು ಕೂತು ಮಾಡುತ್ತದೆ. ಆಮೇಲೆ ಗಾಡಿಯಡಿಗೆ ನುಸುಳಿದೆ. ಮಂಜಿನ ಊರಲ್ಲಿ ರಸ್ತೆಗೆ ಉಪ್ಪು ಹಾಕುತ್ತಾರಲ್ಲ — ಅದು ಚಾಸಿಯ ಕಬ್ಬಿಣವನ್ನು ಪೂರ್ತಿ ತಿಂದು ಹಾಕಿದೆ. ಸ್ಕ್ರೂಡ್ರೈವರ್ ಒತ್ತಿದರೆ ಬಿಸ್ಕೆಟ್ಟಿಗೆ ಚುಚ್ಚಿದಂತೆ ಒಳಗೆ ಹೋಯಿತು. ಮರಳಿಗೆ ಜೋರಾಗಿ ಹಲಗೆ ಕೊಟ್ಟರೆ ಗಾಡಿ ಎರಡು ಹೋಳು.

ಬೇರೆ ದಿನವಾದರೆ ಅಲ್ಲೇ ಬೈದು ಬರುತ್ತಿದ್ದೆ. ವೆಲ್ಡ್ ಮಾಡಿದರೆ ಹೇಗೆ ಅಂತ ಯೋಚಿಸುತ್ತಾ ಬಂದೆ. ನನ್ನ ಬುದ್ಧಿಗೂ ತುಕ್ಕು.

ನವೆಂಬರ್ 1

ದೀಪಾವಳಿ. ಪುಷ್ಪಾ ತೀರಿಕೊಂಡ ವರ್ಷ, ಹಬ್ಬ ಇಲ್ಲ. ಅಶ್ಮಿತಾ ಮ್ಯಾಗಿ ಮಾಡಿದಳು.

ಸಂಜೆ ಬೀರಾನ್ ಬೂ ನಾಸರರ ದಿವಾನಿಯಾಕ್ಕೆ ಕರೆದುಕೊಂಡು ಹೋದ. ಇಪ್ಪತ್ತು ವರ್ಷ ಈ ಊರವರ ಗಾಡಿಗಳ ಕೆಳಗೇ ಮಲಗಿದ್ದೇನೆ, ಇವರ ಬೈಠಕ್ಕಿನಲ್ಲಿ ಕೂತದ್ದು ಇವತ್ತೇ. ಗೋಡೆಗೊರಗಿ ಐದಾರು ಹಿರಿಯರು. ಕೈಗೆ ಚಿಕ್ಕ ಕಪ್ಪಿನಲ್ಲಿ ಏಲಕ್ಕಿ ಕಾಫಿ ಬಂತು. ಬಾಯಿಗೆ ಏನೂ ಬೇಡವಾಗಿತ್ತು. ಕುಡಿಯದೆ ಎದುರಿಗೆ ನೆಲದ ಮೇಲಿಟ್ಟೆ.

ಮಾತು ನಿಂತಿತು. ಬೂ ನಾಸರ್ ನನ್ನನ್ನೇ ನೋಡಿ, "ಕುಡಿ. ನೀನು ಬಂದ ಕೆಲಸ ಆಯಿತು" ಅಂದರು. ವ್ಯಾಪಾರದ ಮರ್ಯಾದೆ ಅಂದುಕೊಂಡು ಕುಡಿದೆ.

ನವೆಂಬರ್ 2

ಬೀರಾನ್ ಫೋನಿನಲ್ಲಿ ಉರಿದು ಬಿದ್ದ.

"ಎಂತ ಮಾಡಿದ್ರಿ ಲೋಕಣ್ಣ! ಕಾಫಿ ಕುಡಿಯದೆ ಕೆಳಗಿಟ್ರೆ ಇವರಲ್ಲಿ ಎಂತ ಅರ್ಥ ಗೊತ್ತುಂಟಾ? ನನಗೊಂದು ಆಗ್ಬೇಕು, ನೀವು ಹೂಂ ಅನ್ನುವವರೆಗೆ ಮುಟ್ಟುದಿಲ್ಲ ಅಂತ! ಅಷ್ಟು ಜನರ ಎದುರು ಆ ಮನುಷ್ಯ ಇಲ್ಲ ಅನ್ನುದು ಹೇಗೆ?"

"ನನಗೆ ಗೊತ್ತಿರಲಿಲ್ಲ ಮಾರಾಯ."

"ಗಾಡಿ ನಿಮಗೆ ಸುಮ್ಮನೆ ಕೊಡ್ಲಿಕ್ಕೆ ಹೇಳಿದ್ದಾರೆ. ಮಗ ಬೇರೆಯವರಿಗೆ ಮಾತಾಡಿದ್ದನ್ನು ಬಿಡಿಸಿದ್ದಾರೆ. ಈಗ ಬೇಡ ಅಂದ್ರೆ ಅವರಿಗೆ ಅವಮಾನ."

ಬಿಟ್ಟಿ ಗಾಡಿ. ಕೊಳೆತ ಗಾಡಿ. ಬೇಕು ಅಂತ ಕೇಳಿದ್ದೂ ಅಲ್ಲ, ಬೇಡ ಅನ್ನುವ ಹಾಗೂ ಇಲ್ಲ.

ನವೆಂಬರ್ 13

ಇಷ್ಟು ದಿನ ಬರೆಯಲಿಲ್ಲ. ಗಾಡಿ ತರಲಿಕ್ಕೂ ಹೋಗಲಿಲ್ಲ. ಬೀರಾನ್ ಫೋನ್ ಮಾಡಿದರೆ ಎತ್ತುತ್ತಿಲ್ಲ.

ಇವತ್ತು ಇಸ್ತ್ರಿ ಪೆಟ್ಟಿಗೆ ಹುಡುಕುತ್ತಾ ಅಶ್ಮಿತಾಳ ಮಂಚದ ಕೆಳಗೆ ಕೈ ಹಾಕಿದೆ. ಒಂದು ರಟ್ಟಿನ ಡಬ್ಬ, ಟೇಪ್ ಹಚ್ಚಿದ್ದು. ಬಿಚ್ಚಿ ನೋಡಿದೆ. ಫಿಸಿಕ್ಸ್, ಕೆಮಿಸ್ಟ್ರಿ, ಈ ವರ್ಷದ ಎಲ್ಲ ಪುಸ್ತಕ. ನಾನು ಏನೂ ಹೇಳದೆ ಊರಿಗೆ ಹೊರಡಲಿಕ್ಕೆ ತಾನೇ ಕಟ್ಟಿಟ್ಟಿದ್ದಾಳೆ. ಹಾಗಾದರೆ ಇಷ್ಟು ದಿನ ಶಾಲೆಗೆ ಬ್ಯಾಗಿನಲ್ಲಿ ಏನು ಒಯ್ಯುತ್ತಿದ್ದಳು?

ಟೇಪ್ ಮತ್ತೆ ಅಂಟಿಸಿ ಡಬ್ಬವನ್ನು ಇದ್ದಲ್ಲಿಗೇ ದೂಡಿದೆ. 

ನವೆಂಬರ್ 15, ಶುಕ್ರವಾರ, ಸಂಜೆ 7

ಒಬ್ಬನೇ ದಿವಾನಿಯಾಕ್ಕೆ ಹೋದೆ.  ಬೂ ನಾಸರರಿಗೆ ನನ್ನ ಗ್ಯಾರೇಜ್ ಅರಬ್ಬಿಯಲ್ಲಿ ಹೇಳಿದೆ — ಬಾಬಾ, ಗಾಡಿ ಅಡಿಯಿಂದ ಕೊಳೆತಿದೆ. ನನಗೂ ಕೊಡಬೇಡಿ, ಯಾರಿಗೂ ಮಾರಬೇಡಿ, ನಿಮ್ಮ ಮಗನೂ ಮರಳಿಗೆ ಇಳಿಸುವುದು ಬೇಡ. ಆವತ್ತು ನಾನು ಏನೂ ಕೇಳಿದ್ದಲ್ಲ. ಹೆಂಡತಿ ಹೋದ ಮೇಲೆ ಬಾಯಿಗೆ ರುಚಿ ಇಲ್ಲ, ಅದಕ್ಕೆ ಕಾಫಿ ಕೆಳಗಿಟ್ಟೆ. ನಿಮ್ಮ ಪದ್ಧತಿ ಗೊತ್ತಿರಲಿಲ್ಲ.

ಬೈಯುತ್ತಾರೆ ಅಂದುಕೊಂಡಿದ್ದೆ. ಜಪಮಣಿ ಪಕ್ಕಕ್ಕಿಟ್ಟರು. ಆಮೇಲೆ, "ಹಾಗಾದರೆ ನೀನು ಇನ್ನೂ ಕೇಳಿಯೇ ಇಲ್ಲ. ಈಗ ಕೇಳು" ಅಂದರು.

ಏನೂ ಬೇಡ ಅನ್ನಲು ಬಾಯಿ ತೆರೆದೆ. "ಮಗಳ ಪರೀಕ್ಷೆ" ಅಂತ ಬಂತು. "ಏಪ್ರಿಲ್‌ವರೆಗೆ ಇಲ್ಲಿರಬೇಕು. ಯಾವ ಕೆಲಸವಾದರೂ ಮಾಡುತ್ತೇನೆ" ಅಂತ ಬಂತು. ಆಮೇಲೆ ಅಳು. ಅಷ್ಟು ಜನ ಹಿರಿಯರ ನಡುವೆ, ಐವತ್ತು ದಾಟಿದ ಗಂಡಸು, ಮೂಗು ಸೋರಿಸಿಕೊಂಡು. ಪುಷ್ಪಾಳ ಶವ ಏರ್‌ಪೋರ್ಟಿಗೆ ಒಯ್ಯುವಾಗಲೂ ಬಾರದ ಅಳು. ನಾಚಿಕೆಯಾಯಿತು, ನಿಲ್ಲಿಸಲು ಮಾತ್ರ ಆಗಲಿಲ್ಲ.

ಬೂ ನಾಸರ್ ಟಿಶ್ಯೂ ಡಬ್ಬ ಸರಿಸಿದರು. ಭಾನುವಾರ ಸಿವಿಲ್ ಐಡಿ ಬೀರಾನ್ ಹತ್ತಿರ ಕೊಡು, ಕಂಪನಿಯ ಲಾರಿಗಳಿಗೆ ಮೆಕ್ಯಾನಿಕ್ ಬೇಕೇ ಇದೆ ಅಂದರು.

ರಾತ್ರಿ 9

ಅಶ್ಮಿತಾಗೆ ಹೇಳಿದೆ. ಖುಷಿಪಡುತ್ತಾಳೆ ಅಂದುಕೊಂಡರೆ ರೇಗಿಬಿಟ್ಟಳು.

"ಯು ನೆವರ್ ಆಸ್ಕ್ಡ್ ಮಿ! ಒಂದು ಸಲವೂ ಕೇಳಿಲ್ಲ ಪಪ್ಪಾ! ಹೋಗುದಕ್ಕೂ ಕೇಳಿಲ್ಲ, ಇರುದಕ್ಕೂ ಕೇಳಿಲ್ಲ!"

ಬಾಗಿಲು ದಢಾರ್ ಅಂತು. ಹೊರಗೆ ನಿಂತು, "ಈಗ ಕೇಳ್ತೇನೆ. ನಿನಗೆ ಎಂತ ಬೇಕು ಮಗಾ?" ಅಂದೆ.

 ಇಲ್ಲಿ ಬಂದು ಕೂತು ಇದನ್ನು ಬರೆಯುತ್ತಿದ್ದೇನೆ. ಈಗ ಬಾಗಿಲು ತೆರೆದಿದ್ದಾಳೆ. ಕಣ್ಣು ಕೆಂಪು. ಎದುರಿನ ಕುರ್ಚಿ ಎಳೆದು ಕೂತಳು. ಬರೆಯುವುದನ್ನು ನಿಲ್ಲಿಸು ಪಪ್ಪಾ, ಹೇಳ್ತೇನೆ ಅನ್ನುತ್ತಿ—