ಟೀ ಕುಡಿಯುವಷ್ಟು ಹೊತ್ತು

ಬಶೀರಣ್ಣಾ,

ನಿಮ್ಮ ಸರ್ವರ್ ಚೆನ್ನಾಗಿದೆ. ಅದನ್ನು ಮೊದಲು ಹೇಳದಿದ್ದರೆ ಮುಂದಿನದು ನಿಮ್ಮ ತಲೆಗೆ ಹೋಗುವುದಿಲ್ಲ ಅಂತ ನನಗೆ ಗೊತ್ತಿಲ್ಲವೇ?

ಪಾಂಡವಪುರದ ಈ ಕಾಲೇಜಿನ ಲ್ಯಾಬಿಗೆ ನಾನು ಸೇರಿದ ದಿನ ನೆನಪಾಗುತ್ತದೆ. "ನೋಡವ್ವ ಪದ್ಮಾ, ಮಕ್ಕಳ ಫೈಲು, ಡೆಸ್ಕ್‌ಟಾಪು ಎಲ್ಲಾ ಸ್ಟೋರ್ ರೂಮಿನ ಈ ಒಂದು ಪೆಟ್ಟಿಗೇಲಿ ಅವೆ. ಯಾವ ಕಂಪ್ಯೂಟರ್ ಮುಂದೆ ಕೂತ್ರೂ ಅವರವರ ಮನೆ ಅವರವರಿಗೆ ಸಿಕ್ತದೆ" ಅಂದಿದ್ದಿರಿ. ದಿನಾ ನೀವು ಶ್ರೀರಂಗಪಟ್ಟಣದಿಂದ ಮೊದಲ ಬಸ್ಸಿಗೆ ಬರುವುದು, ಸರ್ವರಿನ ಸ್ವಿಚ್ ಹಾಕುವುದು, ನೆಟ್ಟಗೆ ಟೀ ಅಂಗಡಿಗೆ ಹೋಗುವುದು. ಮಕ್ಕಳು ಬಾಗಿಲಲ್ಲಿ ಕಾದು ನಿಂತಿದ್ದರೂ ಲ್ಯಾಬಿನ ಬೀಗ ತೆಗೆಯುತ್ತಿದ್ದುದು ಟೀ ಮುಗಿದ ಮೇಲೆಯೇ. "ಟೀ ಕುಡಿಯೋಕೂ ಸಂಬಳ ಕೊಡ್ತಾರಾ ಅಣ್ಣ?" ಅಂತ ರೇಗಿಸಿದರೆ, "ಅರೆ, ತಡ್ಕಳವ್ವ, ಏನವಸರ" ಅನ್ನುತ್ತಿದ್ದಿರಿ. ಕಾರಣ ಹೇಳಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು? ನೀವು ಕಣ್ಣು ಮುಚ್ಚಿದ ಮೇಲೆ ನಾನು ಆ ಸರ್ವರನ್ನು ಆರಿಸುವ ಗೋಜಿಗೇ ಹೋಗಲಿಲ್ಲ.

ಈ ಸಲದ ಆಯುಧಪೂಜೆ ನೀವು ನೋಡಬೇಕಿತ್ತು. ಪ್ರತಿವರ್ಷ ಎಲ್ಲ ಕಂಪ್ಯೂಟರಿಗೂ ನೀವೇ ಮುಂದೆ ನಿಂತು ಹೂ ಮುಡಿಸುತ್ತಿದ್ದಿರಿ, ಸ್ಟೋರ್ ರೂಮಿನದನ್ನು ಮಾತ್ರ ಕದಲಿಸಲು ಬಿಡುತ್ತಿರಲಿಲ್ಲ. ನಮ್ಮ ಅಟೆಂಡರ್ ಕೆಂಪಣ್ಣ ಕೇಳಬೇಕಲ್ಲ! "ಬಶೀರಣ್ಣಂದು, ಪಾಪ, ಒಂದೇ ಯಾಕೆ ಕತ್ಲೇಲಿರ್ಬೇಕು? ಅದ್ಕೂ ಪೂಜೆ ಆಗ್ಲಿ ಬುಡಿ ಮೇಡಂ" ಅಂತ ಅದನ್ನು ಆರಿಸಿ, ಹೊತ್ತು ತಂದು ಸಾಲಿನಲ್ಲಿ ಇಟ್ಟರು. ಪ್ರೀತಿಯಿಂದ ಮಾಡಿದ್ದು, ನಾನೂ ಕುಂಕುಮ ಇಟ್ಟೆ. ಪೂಜೆಯ ನಂತರ ಅದು ಅಲ್ಲೇ ಉಳಿಯಿತು, ಎಲ್ಲದರ ಜೊತೆ ಒಂದೇ ಮೇನ್ ಸ್ವಿಚ್ಚಿನ ಕೆಳಗೆ.

ರಜೆ ಮುಗಿದು ಲ್ಯಾಬ್ ತೆರೆದ ಬೆಳಿಗ್ಗೆ ಹೇಳುತ್ತೇನೆ ಕೇಳಿ. ಮಕ್ಕಳು ಪಾಸ್‌ವರ್ಡ್ ಹಾಕಿದರೆ ಪರದೆ ಒಮ್ಮೆ ಕಪ್ಪಾಗಿ ಮತ್ತೆ ಪಾಸ್‌ವರ್ಡೇ ಕೇಳುತ್ತದೆ. ಮಾಕವಳ್ಳಿಯ ಚೈತ್ರ, ಕಬ್ಬು ಕಟಾವಿನ ಸರದಿ ಹೇಳುವ ಪ್ರೋಗ್ರಾಂ ಬರೆದವಳು, "ಮಿಸ್, ನನ್ ಪ್ರಾಜೆಕ್ಟು ಓಗ್ಬುಡ್ತಾ? ಇನ್ನೆಲ್ಲೂ ಇಲ್ಲ ಮಿಸ್" ಅಂತ ಅಳತೊಡಗಿದಳು. ಕೆಂಪಣ್ಣ ಮೇನ್ ಸ್ವಿಚ್ ಆರಿಸಿ ಹಾಕಿದರು. ಅದೇ ಕತೆ. ಮತ್ತೆ ಆರಿಸಿ ಹಾಕಿದರು. ಹೊರಗಿನಿಂದ ಬಂದ ರಿಪೇರಿಯವನು ಡಿಸ್ಕ್ ಹೋಗಿದೆ, ಎಲ್ಲ ಅಳಿಸಿ ಹೊಸದಾಗಿ ಹಾಕೋಣ ಅಂದ. ಪ್ರಿನ್ಸಿಪಾಲರು ಆಗಲಿ ಅಂದುಬಿಟ್ಟರು. ನನಗೆ ಸಿಟ್ಟು ನೆತ್ತಿಗೇರಿತು. "ನಾಳೆವರೆಗೂ ಇದನ್ನ ಯಾರೂ ಮುಟ್ಟಂಗಿಲ್ಲ ಸಾರ್, ನಾನು ಸರಿ ಮಾಡ್ತೀನಿ" ಅಂದೆ.

ಮೊದಲು ಆಜ್ಞೆ ಟೈಪ್ ಮಾಡುವ ಕರಿ ಪರದೆಗೆ ಹೋಗು ಅಂತ ನೀವು ಬೈದು ಬೈದು ಕಲಿಸಿದ್ದಿರಲ್ಲ, ಅದನ್ನೇ ಮಾಡಿದೆ. ಅಲ್ಲಿ ಲಾಗಿನ್ ಆಯಿತು, ಆದರೆ ಚೈತ್ರಳ ಫೋಲ್ಡರ್ ಇಲ್ಲ ಅಂತು. ಸರ್ವರಿಗೆ ಪಿಂಗ್ ಕಳಿಸಿದೆ, ಇದ್ದೀಯೇನಪ್ಪ ಅಂತ. ಓಗೊಟ್ಟಿತು! ಅದರ ಫೋಲ್ಡರುಗಳನ್ನು ಕೈಯಾರೆ ಈ ಕಂಪ್ಯೂಟರಿಗೆ ಜೋಡಿಸಿದೆ. ಚೈತ್ರಳ ಕಬ್ಬು ಸಮೇತ ಎಲ್ಲ ಬಂತು. ಮತ್ಯಾಕೆ ತಾನಾಗಿ ಬರಲಿಲ್ಲ? ಮೇನ್ ಸ್ವಿಚ್ ಹಾಕಿಸಿ ಸರ್ವರಿನ ಮುಂದೆಯೇ ನಿಂತೆ. ಮಕ್ಕಳ ಹೊಸ ಕಂಪ್ಯೂಟರುಗಳು ಆಗಲೇ ಎದ್ದು ಕೂತಿವೆ, ನಿಮ್ಮ ಹಳೇ ಸರ್ವರ್ ಇನ್ನೂ ತನ್ನ ಡಿಸ್ಕ್ ತಪಾಸಣೆ ಮಾಡಿಕೊಳ್ಳುತ್ತಾ, ನಿಧಾನಕ್ಕೆ... ಅವು ಒಮ್ಮೆ ಸರ್ವರನ್ನು ಹುಡುಕಿ, ಸಿಗಲಿಲ್ಲ ಅಂತ ಕೈಬಿಟ್ಟಿದ್ದವು. ನಾವು ರಿಪೇರಿ ಅಂತ ಮೇನ್ ಸ್ವಿಚ್ ಹಾಕಿದಾಗಲೆಲ್ಲ ಅದನ್ನೇ ಮತ್ತೆ ಹಾಳು ಮಾಡುತ್ತಿದ್ದೆವು. ಆಗ ನಿಮ್ಮ ಟೀ ನೆನಪಾಯಿತು ಅಣ್ಣ. ಮೊದಲು ನಕ್ಕೆ. ಆಮೇಲೆ ಅಲ್ಲೇ ಕೂತು ಅತ್ತೆ.

ಸರ್ವರ್ ಈಗ ಮತ್ತೆ ಸ್ಟೋರ್ ರೂಮಿನಲ್ಲಿದೆ, ಕುಂಕುಮ ಒರೆಸಿಲ್ಲ. ಮಕ್ಕಳ ಫೈಲುಗಳಿಗೆ ಬೇರೆ ಡಿಸ್ಕಿನಲ್ಲಿ ಇನ್ನೊಂದು ಪ್ರತಿ ಇಟ್ಟಿದ್ದೇನೆ. ಸರ್ವರ್ ಸಿಗುವವರೆಗೂ ಕಾಯಬೇಕು ಅಂತ ಒಂದೊಂದು ಕಂಪ್ಯೂಟರಿಗೂ ಹೇಳಿಕೊಟ್ಟಾಯಿತು, ಇನ್ನು ಯಾರೂ ಮೊದಲ ಬಸ್ಸಿಗೆ ಬರಬೇಕಿಲ್ಲ. ಕಾಯುವಾಗ ಪರದೆಯ ಮೇಲೆ ನಾನೇ ಬರೆದ ಒಂದು ಸಾಲು ಬರುತ್ತದೆ. ಹೊಸದಾಗಿ ಸೇರಿದ ಮಕ್ಕಳು ಅದನ್ನು ಓದಿ "ಯಾರು ಮಿಸ್ ಇವ್ರು?" ಅಂತ ಕೇಳುತ್ತಾರೆ. ಕೇಳಲಿ ಅಂತಲೇ ಬರೆದದ್ದು:

"ಬಶೀರಣ್ಣ ಟೀ ಕುಡೀತಾವ್ರೆ. ವಸಿ ತಡ್ಕಳಿ."