ಅಮ್ಮನ ಎಡಗಣ್ಣಿನ ಹದ

ಜುಲೈ ೧೨, ಭಾನುವಾರ

ನನ್ನ ಪ್ರೀತಿಯ ಕಲ್ಲುಮೋರೆಗೆ,

ನಿನ್ನ ಹುಳಿಮೋರೆ ಅಕ್ಕನ ಆಶೀರ್ವಾದ. ನಿನ್ನ ಪತ್ರ ಬಂದು ತಿಂಗಳಾಗುತ್ತಾ ಬಂತು. ಉತ್ತರ ಬರೆಯಲು ಇಷ್ಟು ತಡ ಮಾಡಿದ್ದಕ್ಕೆ ನನ್ನನ್ನು ಬೈದುಕೋ, ಬೇಜಾರಿಲ್ಲ. ಸಿಟ್ಟು ಮಾಡಿಕೊಂಡಿದ್ದೀಯೋ ಇಲ್ಲವೋ ಅಂತ ಊಹಿಸುವುದಕ್ಕೂ ನನ್ನಿಂದಾಗದು. ನಿನ್ನ ಮುಖ ನೋಡಿ ಕೋಪವೋ ಸಂತೋಷವೋ ಅಂತ ಹೆತ್ತ ಅಮ್ಮನಿಗೇ ಗೊತ್ತಾಗುತ್ತಿರಲಿಲ್ಲ, ಇನ್ನು ನನ್ನ ಪಾಡೇನು?

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನನಗೂ ಒಂದು ಜ್ವರ ಬಂದು ಹೋಯಿತು. ಮಲಗಿದ್ದೆ, ಎದ್ದೆ, ದೊಡ್ಡ ಸುದ್ದಿಯೇನಲ್ಲ. ದೊಡ್ಡ ಸುದ್ದಿ ಅಂದರೆ ನಾನು ಮಲಗಿದ್ದಾಗ ನಿನ್ನ ಭಾವ ನಮ್ಮ ಇಸ್ತ್ರಿ ಅಂಗಡಿ ನಡೆಸಿದ್ದು. ಹೆಡ್ ಮಾಸ್ಟರ ಪ್ಯಾಂಟನ್ನು ಬಸ್ ಕಂಡಕ್ಟರಿಗೆ ಕೊಟ್ಟು ಕಳಿಸಿದ್ದರು. ಪಾಪ, ಆ ಕಂಡಕ್ಟರು ಅದನ್ನೇ ತೊಟ್ಟು ಡ್ಯೂಟಿಗೆ ಹೋದ. ಹೆಡ್ ಮಾಸ್ಟರು ಅದೇ ಬಸ್ಸು ಹತ್ತಿ ತಮ್ಮ ಪ್ಯಾಂಟಿನಿಂದಲೇ ಟಿಕೆಟ್ ತೆಗೆದುಕೊಂಡರು.

ಇನ್ನು ನಿನ್ನ ವಿಷಯ. ಜ್ವರ ಬಿಟ್ಟರೂ ಬಾಯಿ ಕೆಟ್ಟಿದೆ, ಊಟ ಸೇರುತ್ತಿಲ್ಲ ಅಂತ ಬರೆದಿದ್ದೀಯ. "ಅಕ್ಕಾ, ಅಮ್ಮನ ನೆಲಬೇವಿನ ಕಷಾಯ ಬೇಕು ಅನಿಸ್ತಿದೆ. ಇಲ್ಲಿ ಅಂಗಡಿ ಪುಡಿ ತಂದು ಕುಡಿದೆ. ಕಹಿ ಏನೋ ಇದೆ, ಆದ್ರೆ ಅದು ಅಮ್ಮನ ಕಹಿ ಅಲ್ಲ." ಇದನ್ನು ಓದಿ ಇಸ್ತ್ರಿಪೆಟ್ಟಿಗೆ ಪಕ್ಕಕ್ಕಿಟ್ಟು ಅತ್ತುಬಿಟ್ಟೆ. ಆ ಕಹಿಯ ಹದ ಗೊತ್ತಿದ್ದದ್ದು ಅಮ್ಮನಿಗೆ, ಅವಳು ಬಿಟ್ಟರೆ ನನಗೆ. ಈಗ ಅವಳಿಲ್ಲ. ನನ್ನ ಕೈ ತಪ್ಪಿದರೆ ಆ ಕಷಾಯ ಅಲ್ಲಿಗೆ ಮುಗಿದ ಹಾಗೆಯೇ.

ನೆನಪಿದೆಯಾ, ನಮ್ಮ ಮುಂದಿನ ಕೋಣೆ? ಬಾಗಿಲ ಕಡೆ ಇಸ್ತ್ರಿ ಮೇಜು, ಮೂಲೆಯಲ್ಲಿ ಕೆಂಡದ ಒಲೆ. ಪೆಟ್ಟಿಗೆಗೆ ಕೆಂಡ ತುಂಬಿದ ಮೇಲೆ ಉಳಿದ ಕಾವಿನಲ್ಲಿ ಅಮ್ಮನ ಕಷಾಯ. ಬಿಸಿ ಬಟ್ಟೆಯ ವಾಸನೆಗೆ ನೆಲಬೇವಿನ ಹಬೆ ಸೇರಿಕೊಳ್ಳುತ್ತಿತ್ತು. ಎದುರು ಮನೆಯ ದರ್ಜಿ ಒಂದು ಸಲ ಬಂದು, "ಏನಮ್ಮಾ, ನಿಮ್ಮಲ್ಲಿ ಇಸ್ತ್ರಿ ಮಾಡಿಸಿದ ಶರ್ಟು ಹಾಕ್ಕೊಂಡ್ರೆ ಜ್ವರಾನೇ ಹತ್ರ ಬರಲ್ವಲ್ಲ" ಅಂದ. ಅಮ್ಮ ತಲೆ ಎತ್ತದೆ, "ಹಾಗಾದ್ರೆ ಎರಡು ಹಾಕ್ಕೊಳ್ಳಿ" ಅಂದಳು. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಹಿತ್ತಲ ಗಿಡ ಬಿಟ್ಟು ಬೇರೆ ಮದ್ದೇ ಇರಲಿಲ್ಲ. ಹಸಿವಿಲ್ಲ ಅಂದರೂ ಅದೇ, ಹೊಟ್ಟೆಯಲ್ಲಿ ಹುಳ ಅಂದರೂ ಅದೇ, ಮೈ ತುರಿಸಿದರೂ ಅದೇ. ಅಪ್ಪ ಯಾರ ಮೇಲಾದರೂ ರೇಗಿದರೆ, "ಪಿತ್ತ ಏರಿದೆ" ಅಂತ ಅವರಿಗೂ ಒಂದು ಲೋಟ. ಅಪ್ಪ ರೇಗುವುದನ್ನೇ ಕಡಿಮೆ ಮಾಡಿದರು, ಅದು ಔಷಧದ ಗುಣವೋ ಹೆದರಿಕೆಯೋ ನನಗೆ ತಿಳಿಯದು.

ಅವಳು ಹದ ನೋಡುತ್ತಿದ್ದ ರೀತಿ ಬೇರೆ ಯಾರಲ್ಲೂ ನಾನು ನೋಡಿಲ್ಲ. ಒಂದು ಗಿಡದ ಕಹಿ ಇನ್ನೊಂದಕ್ಕಿಲ್ಲ, ಬಿಸಿಲು ಹೆಚ್ಚಾದರೆ ಒಂದು ಥರ, ಹೂ ಬಿಟ್ಟ ಮೇಲೆ ಇನ್ನೊಂದು ಥರ. ಹಾಗಾಗಿ ಅಳತೆ ಅಂತ ಇರಲೇ ಇಲ್ಲ. ಚಮಚದ ತುದಿಯಿಂದ ಒಂದು ಹನಿ ನಾಲಿಗೆಗೆ ಹಾಕಿಕೊಳ್ಳುತ್ತಿದ್ದಳು. ಎಡಗಣ್ಣು ತಾನಾಗಿ ಮುಚ್ಚಿಕೊಂಡರೆ ಹದ ಬಂತು. ಮುಚ್ಚದಿದ್ದರೆ ಇನ್ನೂ ಕುದಿಯಬೇಕು. ಎರಡೂ ಕಣ್ಣು ಮುಚ್ಚಿದರೆ ನೀರು ಬೆರೆಸಬೇಕು. ನನಗೂ ಅದೇ ಎಡಗಣ್ಣು ಬಂತು. ನಿನಗೆ ಏನೂ ಬರಲಿಲ್ಲ. ನಾನು ಹರಳೆಣ್ಣೆ ಕುಡಿದವಳ ಹಾಗೆ ಮುಖ ಮಾಡಿ ಮನೆಯೆಲ್ಲಾ ಕುಣಿದರೆ, ನೀನು ಗಟಗಟ ಕುಡಿದು ಲೋಟ ಬೋರಲು ಹಾಕಿ, ನನ್ನ ಪಾಲಿನ ಸಕ್ಕರೆಯನ್ನೂ ಗೆದ್ದುಕೊಂಡು ಹೋಗುತ್ತಿದ್ದೆ. "ಇವನದು ಮೋರೆಯೋ, ಕಲ್ಲೋ" ಅಂತ ಅಪ್ಪ ಹೆಸರಿಟ್ಟದ್ದು ಆಗಲೇ. ಅಮ್ಮ ಮಾತ್ರ ನನ್ನ ತಲೆ ಸವರಿ, "ಮುಖ ಹಿಂಡೋಳೇ ಬೇಕು ನಂಗೆ. ನಾಳೆ ಕಷಾಯ ಮಾಡೋಳು ಇವಳೇ" ಅನ್ನುತ್ತಿದ್ದಳು. ಆ ಮಾತಿಗೆ ನಾನು ಎಷ್ಟು ಸಕ್ಕರೆಯನ್ನಾದರೂ ಬಿಟ್ಟುಕೊಡುತ್ತಿದ್ದೆ.

ಅಮ್ಮನ ಗಿಡದ ಬೀಜ ನಮ್ಮ ಕಿಟಕಿಯ ಕುಂಡಗಳಲ್ಲಿ ಈಗಲೂ ಹುಟ್ಟುತ್ತಿದೆ. ಹೂ ಬಿಡುವ ಮುಂಚೆ ಕೊಯ್ದು, ನೆರಳಲ್ಲಿ ಒಣಗಿಸಿ, ಬಟ್ಟೆಯ ಚೀಲದಲ್ಲಿ ಕಟ್ಟಿ ಇದರ ಜೊತೆ ಕಳಿಸಿದ್ದೇನೆ. ಒಂದು ಚಿಟಿಕೆಯಷ್ಟನ್ನು ಎರಡು ಲೋಟ ನೀರಿಗೆ ಹಾಕಿ ಸಣ್ಣ ಉರಿಯಲ್ಲಿ ಕುದಿಸು. ಹದದ ವಿಷಯ ಆಮೇಲೆ ಬರೆಯುತ್ತೇನೆ. ಬೆಳಗ್ಗೆ ಸ್ವಲ್ಪವೇ ಕುಡಿ, ಕೆಲವು ದಿನ ಕುಡಿದು ನಿಲ್ಲಿಸು. ಒಳ್ಳೆಯದು ಅಂತ ಕೊಡಗಟ್ಟಲೆ ಕುಡಿದರೆ ಹೊಟ್ಟೆ ಕೆಡುತ್ತದೆ. ಮೊದಲು ನಿನ್ನ ಡಾಕ್ಟರನ್ನು ಕೇಳು, ಅವರು ಕೊಟ್ಟ ಮಾತ್ರೆ ಬಿಡಬೇಡ. ಬಸುರಿಯರಿಗಂತೂ ಅಮ್ಮ ಇದನ್ನು ಮುಟ್ಟಿಸುತ್ತಲೇ ಇರಲಿಲ್ಲ, ಅದು ನಿನಗೆ ಬೇಕಾಗಿಲ್ಲ ಬಿಡು.

ಕಳಿಸುವ ಮೊದಲು ಪರೀಕ್ಷೆಗೆ ನಾನೂ ಒಂದು ಸಲ ಕುದಿಸಿದೆ. ಯಾರೋ ಗಿರಾಕಿ ಬಂದು ಮಾತಿಗೆ ನಿಂತುಬಿಟ್ಟರು, ಪಾತ್ರೆಯ ತಳ ಸೀದುಹೋಯಿತು. ಉಳಿದದ್ದನ್ನು ನಿನ್ನ ಭಾವ ಒಂದು ಗುಟುಕು ಕುಡಿದು ಕುರ್ಚಿಯಿಂದ ಎದ್ದು ನಿಂತರು. "ಇದು ಕಷಾಯಾನಾ, ನಂಗೆ ಶಿಕ್ಷೇನಾ? ಆ ಪ್ಯಾಂಟಿನ ಸಿಟ್ಟು ಇನ್ನೂ ಇಳಿದಿಲ್ವಾ?" ಅಂದರು. ಬಾಯಿ ತೊಳೆದು ತೊಳೆದು ಸುಸ್ತಾದರು. ಈಚೆಗೆ ಅವರ ಗತ್ತೂ ಜಾಸ್ತಿಯಾಗಿದೆ. ಸಾರಿಗೆ ಉಪ್ಪು ಹಾಕುವುದು ತಾವೇ ಅಂತ ಉಪ್ಪಿನ ಡಬ್ಬಿ ತಮ್ಮ ಕಡೆ ಎಳೆದಿಟ್ಟುಕೊಂಡಿದ್ದಾರೆ.

ಈಗ ಕೇಳು. ಅವರು ಬಿಟ್ಟ ಲೋಟವನ್ನು ನಾನು ಪೂರ್ತಿ ಕುಡಿದೆ. ಮುಖದಲ್ಲಿ ಒಂದು ಗೆರೆ ಕದಲಲಿಲ್ಲ. ಇಷ್ಟು ವರ್ಷದ ಮೇಲೆ ನಿನ್ನನ್ನು ಸೋಲಿಸಿದೆ ಕಣೋ. ಆ ಸಕ್ಕರೆಯನ್ನೆಲ್ಲಾ ಲೆಕ್ಕ ಹಾಕಿ ವಾಪಸ್ ಕಳಿಸು.

ನಿನ್ನ ಮಗಳಿಗೆ ಅವಳಜ್ಜಿಯ ಕಣ್ಣೇ ಬಂದಿದೆ ಅಂತ ಬರೆದಿದ್ದೀಯ. ಅದನ್ನು ಎರಡೆರಡು ಸಲ ಓದಿದೆ. ಅವಳಿಗೆ ಮುದ್ದು, ನಿನ್ನ ಹೆಂಡತಿಗೆ ನನ್ನ ನೆನಪು ಹೇಳು. ನೀನು ಹೊಟ್ಟೆ ತುಂಬ ಉಂಡು, ಮೈ ತುಂಬಿಕೊಂಡು, ನೂರು ವರ್ಷ ಕಲ್ಲಿನ ಹಾಗೆ ಗಟ್ಟಿಯಾಗಿರು.

ಇಂತಿ ನಿನ್ನ ಅಕ್ಕ,
ಹುಳಿಮೋರೆ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದೆ. ಹದದ ವಿಷಯ ಆಮೇಲೆ ಅಂದೆನಲ್ಲ. ಪಾತ್ರೆ ಸೀದಾಗ ಗಿರಾಕಿ ಯಾರೂ ಬಂದಿರಲಿಲ್ಲ. ನಾನು ಒಲೆಯ ಮುಂದೆಯೇ ನಿಂತಿದ್ದೆ, ಹನಿ ಹನಿ ನಾಲಿಗೆಗೆ ಹಾಕಿಕೊಳ್ಳುತ್ತಾ, ಕಣ್ಣು ಮುಚ್ಚಲಿ ಅಂತ ಕಾಯುತ್ತಾ. ಮುಚ್ಚಲೇ ಇಲ್ಲ. ಆ ಜ್ವರ ಹೋಗುವಾಗ ನನ್ನ ಬಾಯಿರುಚಿಯನ್ನೂ ಎತ್ತಿಕೊಂಡು ಹೋಗಿದೆ. "ಕೆಲವರಿಗೆ ವಾಪಸ್ ಬರುತ್ತೆ, ನೋಡೋಣ" ಅಂದರು ಡಾಕ್ಟರು. ನಿನ್ನ ಭಾವನಿಗೆ ನಾನು ಬಾಯಿಬಿಟ್ಟು ಹೇಳಿಲ್ಲ, ಆದರೆ ಆ ಉಪ್ಪಿನ ಡಬ್ಬಿ ನೋಡಿದರೆ ಅವರಿಗೆ ಗೊತ್ತಿದೆ. ಸಿಹಿ ಹೋಯಿತು, ಖಾರ ಹೋಯಿತು, ಅಳಲಿಲ್ಲ. ನೆಲಬೇವು ಬರೀ ನೀರಿನ ಹಾಗೆ ಗಂಟಲಲ್ಲಿ ಇಳಿದಾಗ ಅಮ್ಮ ಇನ್ನೊಂದು ಸಲ ಹೋದ ಹಾಗಾಯಿತು ಕಣೋ.

ಹಾಗಾಗಿ ನನ್ನನ್ನು ನಂಬಬೇಡ. ನೀರು ಅರ್ಧಕ್ಕೆ ಇಳಿದಾಗ ಮಗಳನ್ನು ಕರೆದು ಅವಳ ನಾಲಿಗೆಗೆ ಒಂದು ಹನಿ ತಾಗಿಸು. ಏನೂ ಹೇಳಿಕೊಡಬೇಡ, ಸುಮ್ಮನೆ ಮುಖ ನೋಡು. ಎಡಗಣ್ಣು ಮುಚ್ಚಿದರೆ ಒಲೆ ಆರಿಸಿ, ನೀನು ಲೋಟ ಎತ್ತುವ ಮೊದಲು ನನಗೆ ಫೋನ್ ಮಾಡು.