ಇವರಿಗೆ ಉಳಿದ ಒಂದೇ ಮಾತು

ಮಾರ್ಚ್ 4
ಇವತ್ತೂ ಆ ರಿಸರ್ಚ್ ಹುಡುಗಿಯ ವಿಡಿಯೋ ಕಾಲ್. ಇವರಿಗೆ ತಲೆ ಬಾಚಿ, ಇಸ್ತ್ರಿ ಶರ್ಟ್ ಹಾಕಿ, ಲ್ಯಾಪ್‌ಟಾಪ್ ಮುಂದೆ ಕೂರಿಸಿದೆ. ಸ್ಟ್ರೋಕ್ ಆಗಿ ಮಾತು ಹೋದವರ ‘ಅನುಭವ’ ಬೇಕಂತೆ ಅವಳಿಗೆ. ಡ್ರೈವಿಂಗ್ ಸ್ಕೂಲ್ ನಡೆಸುತ್ತ ದಿನವಿಡೀ ಬಾಯಿ ಮಾಡುತ್ತಿದ್ದ ಮನುಷ್ಯ. ಈಗ ಉಳಿದಿರುವುದು ಒಂದೇ ಮಾತು — ಬೇಡ. ಯಾವ ಬೇಡ ಯಾವುದಕ್ಕೆ ಅಂತ ನನಗೊಬ್ಬಳಿಗೇ ಗೊತ್ತು.
“ಸರ್, ಬೆಳಿಗ್ಗೆ ಎದ್ದ ಮೇಲೆ ಏನ್ ಮಾಡ್ತೀರಿ?”
ಇವರು ತಡವರಿಸಿದರು. “ಪೇಪರ್ ನೋಡ್ತಾರಮ್ಮ,” ಎಂದೆ.
“ಆಂಟಿ, ಸರ್ ಹೇಳ್ಲಿ.”
ಆಂಟಿಯಂತೆ! ಎರಡು ವರ್ಷದಿಂದ ಇವರ ನಾಲಿಗೆ ನಾನು. ಯಾವ ದೊಣ್ಣೆನಾಯಕಿ ಇವಳು?

ಮಾರ್ಚ್ 11
ಕಾಲ್ ಮುಗಿಯುವ ತನಕ ಹೊರಗೆ ಹೋಗಬೇಕಂತೆ ನಾನು. ನನ್ನ ಮನೆಯಲ್ಲೇ! ಅಡುಗೆಮನೆಗೆ ಹೋಗಿ ಬೇಕೆಂದೇ ಪಾತ್ರೆ ಕುಕ್ಕಿದೆ. ಆಮೇಲೆ ಬಾಗಿಲ ಸಂದಿಯಿಂದ ನೋಡಿದೆ. ಅವಳು ಒಂದೊಂದೇ ಚಿತ್ರ ತೋರಿಸುವುದು, ಹೌದಾದರೆ ಇವರು ಹೆಬ್ಬೆರಳು ಎತ್ತುವುದು. ನಡುವೆ ಇಬ್ಬರೂ ಸುಮ್ಮನೆ. ನೆಟ್ ಹೋಯಿತೇನೋ ಅಂದುಕೊಂಡೆ. ಇಲ್ಲ, ಕಾಯುತ್ತಿದ್ದಾಳೆ... ಇವರು ನಕ್ಕರು. ಅವಳ ಜೊತೆ. ಹೋಗಿ ಇನ್ನೊಂದು ಪಾತ್ರೆ ಕುಕ್ಕಿದೆ.

ಮಾರ್ಚ್ 18
“ಆಂಟಿ, ಇದನ್ನ ನಿಮಗೆ ಹೇಳೋಕೆ ಸರ್ ಒಪ್ಪಿದ್ದಾರೆ.” ಇವರು ಹೆಬ್ಬೆರಳು ಎತ್ತಿದರು. “ಡ್ರೈವಿಂಗ್ ಸ್ಕೂಲ್ ನಿಮ್ಮ ತಮ್ಮನಿಗೆ ಕೊಟ್ಟ ದಿನ ಸರ್ ಬೇಡ ಬೇಡ ಅಂದಿದ್ರಂತೆ.”
“ಹೌದು. ಇನ್ನು ಸ್ಕೂಲ್ ಬೇಡ ಅಂದ್ರು. ಅದಕ್ಕೇ ಕೊಟ್ಟೆ.”
“ಕೊಡಬೇಡ ಅಂದಿದ್ದಂತೆ, ಆಂಟಿ.”
ಲ್ಯಾಪ್‌ಟಾಪ್ ಪಟ್ಟನೆ ಮುಚ್ಚಿದೆ. ನಂಬರ್ ಬ್ಲಾಕ್ ಮಾಡಿದೆ. ಎಲ್ಲೋ ಕೂತು ಗಂಡ ಹೆಂಡತಿ ನಡುವೆ ಕಡ್ಡಿ ಆಡಿಸುತ್ತಾಳೆ! ಇವರಿಗೂ ಚಾಡಿ ಹೇಳಲು ಅವಳೇ ಬೇಕಿತ್ತೇ?

ಏಪ್ರಿಲ್ 2
ಮನೆಯಲ್ಲಿ ‘ಬೇಡ’ ಕೂಡ ಇಲ್ಲ ಈಗ. ತುತ್ತು ಇಟ್ಟರೆ ಮುಖ ತಿರುಗಿಸುತ್ತಾರೆ.
ತಮ್ಮ ಫೋನ್ ಮಾಡಿದ್ದ. “ಅಕ್ಕಾ, ಸ್ಕೂಲ್ ಬೋರ್ಡಿಗೆ ಹೊಸ ಹೆಸರು ಬರೆಸ್ತಾ ಇದೀನಿ. ಭಾವ ಬೇಜಾರು ಮಾಡ್ಕೊಳಲ್ಲ ತಾನೆ?”
ಅವರಿಗೇನು, ಬರೆಸು ಎನ್ನಲು ಬಾಯಿ ತೆರೆದೆ. ಇವರು ನನ್ನನ್ನೇ ನೋಡುತ್ತಿದ್ದರು.
“ಆಮೇಲೆ ಹೇಳ್ತೀನಿ,” ಎಂದು ಇಟ್ಟೆ.

ಏಪ್ರಿಲ್ 3, ಸಂಜೆ
ಕುರ್ಚಿ ಎಳೆದುಕೊಂಡು ಎದುರಿಗೇ ಕೂತೆ. “ಅವಳಿಗೆ ಹೇಳಿದ್ದನ್ನ ನನಗೂ ಹೇಳಿ, ನೋಡೋಣ.” ಜಗಳಕ್ಕೇ ಕೇಳಿದ್ದು.
ತುಟಿ ಅಲುಗಿತು. “ನೀ...”
“ನೀರಾ?” ಏಳಲು ಹೊರಟೆ. ಸೆರಗು ಹಿಡಿದು ಕೂರಿಸಿದರು. ಹಣೆಯೆಲ್ಲ ಬೆವರು. ಹಲ್ಲು ಕಚ್ಚಿ ಕಾದೆ. ಹಾಳಾದ್ದು, ಸುಮ್ಮನಿರುವುದು ಇಷ್ಟು ಕಷ್ಟವೇ!
“ನೀನು... ಕೇ...”
ಅಷ್ಟಕ್ಕೇ ದಣಿದು ಕಣ್ಣು ಮುಚ್ಚಿದರು. ಪಕ್ಕದಲ್ಲೇ ಕೂತು ಬರೆಯುತ್ತಿದ್ದೇನೆ. ಕೇಳು ಅಂತಲೋ, ಕೇಳಲೇ ಇಲ್ಲ ಅಂತಲೋ, ಕೇಡಿ ಅಂತಲೋ... ನಾನಾಗಿ ಪೂರ್ತಿ ಮಾಡುವುದಿಲ್ಲ.
ಕಣ್ಣು ಬಿಟ್ಟರು. ತುಟಿ ಮತ್ತೆ —